ನಿಂತಕ್ಕ ಕೂತ ಕಥೆ

ನಮ್ಮ ಬೀದಿಯ ನಿಂತಕ್ಕ ಹುಟ್ಟುವಾಗಲೇ ನಿಂತುಕೊಂಡು ಹುಟ್ಟಿದಳು ಎಂದು ಹೇಳುವವರಿದ್ದಾರೆ. ತೊಟ್ಟಿಲಲ್ಲಿ ಮಲಗಿಸಲು ಹೋದರೆ ಮಗು ಮಂಡಿ ಮಡಚಲೇ ಇಲ್ಲವಂತೆ. ತೊಟ್ಟಿಲ ಅಂಚು ಹಿಡಿದು ನೆಟ್ಟಗೆ ನಿಂತು, ಬಾಣಂತಿಗೆ ಜ್ವರ ಇಳಿಯಿತೇ ಎಂದು ವಿಚಾರಿಸುವ ಹಾಗೆ ತಾಯಿಯ ಕಡೆ ನೋಡಿತಂತೆ. ಇದನ್ನು ನಮಗೆ ಹೇಳಿದವರು ಆಕೆಯ ಅತ್ತೆ. ಆ ಹೆರಿಗೆಯ ಹೊತ್ತಿಗೆ ಅತ್ತೆ ಬೇರೆ ಊರಲ್ಲಿದ್ದರು, ಸೊಸೆಯ ಮುಖ ನೋಡಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆದರೆ ಪುರಾಣ ಹೇಳುವವರ ಹತ್ತಿರ ಇಂಥ ಸಣ್ಣಪುಟ್ಟ ಲೆಕ್ಕ ಕೇಳಬಾರದು.

ನಿಂತಕ್ಕ ಎನ್ನುವುದು ಬೀದಿ ಇಟ್ಟ ಹೆಸರು. ಎದುರಿಗೆ ಎಲ್ಲರೂ 'ಸಿಸ್ಟರ್' ಎನ್ನುತ್ತೇವೆ, ಏಕೆಂದರೆ ಆಕೆ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ನರ್ಸ್ ಆಗಿದ್ದವಳು. ಆಕೆ ಕೂತದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಊಟ ಅಡುಗೆಮನೆಯ ಕಟ್ಟೆಗೆ ಸೊಂಟ ಆನಿಸಿಕೊಂಡು. ಪೇಪರ್ ಓದುವುದು ಕಿಟಕಿಯ ಪಕ್ಕ ನಿಂತು. ಸಿನಿಮಾಕ್ಕೆ ಕರೆದುಕೊಂಡು ಹೋದರೆ ಟಿಕೆಟಿನ ಸೀಟಿಗೆ ತನ್ನ ಕೈಚೀಲವನ್ನು ಕೂರಿಸಿ, ತಾನು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಪರದೆಯ ಮೇಲೆ ಸಾಯುತ್ತಿದ್ದ ನಾಯಕನ ಉಸಿರಾಟ ಎಣಿಸುತ್ತಿದ್ದಳಂತೆ. ಮನೆಗೆ ಸೋಫಾ ತಂದಾಗ ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಮೂರು ಪಾಲು ಹರಿದು ತೆಗೆದರು. ಆಕೆಯ ಪಾಲಿನ ಮೂಲೆಯ ಪ್ಲಾಸ್ಟಿಕ್ಕು ಹಾಗೇ ಉಳಿದು, ನೆಂಟರು ಬಂದಾಗ ಕರಕರ ಸದ್ದು ಮಾಡುತ್ತಿತ್ತು.

ಇದಕ್ಕೆ ಸರಿಸಾಟಿಯಾಗಿ ದೇವರು ಆಕೆಗೆ ಕೊಟ್ಟ ಗಂಡ ಬಸ್ ಡ್ರೈವರ್. ಬೆಳಗಾದರೆ ಸೀಟಿಗೆ ಅಂಟಿದವನು ಸಂಜೆಗೇ ಏಳುವುದು. ಮನೆಗೆ ಬಂದು ಮತ್ತೆ ಸೋಫಾಕ್ಕೆ ಅಂಟುವುದು. ಇಬ್ಬರ ಪಾಲಿನ ಕೂರುವಿಕೆಯನ್ನೂ ಅವನೊಬ್ಬನೇ ನಿಭಾಯಿಸುತ್ತಿದ್ದ. ಆಕೆ ಎಷ್ಟೋ ಸಲ ಅವನ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದಳು. ಸೀಟೆಲ್ಲ ಖಾಲಿ ಇದ್ದರೂ ಕಂಬಿ ಹಿಡಿದು ನಿಂತವಳನ್ನು ಅವನು ಕನ್ನಡಿಯಲ್ಲಿ ನೋಡಿ ಗೊಣಗುತ್ತಿದ್ದ: "ನೀನು ನಿಂತಿದ್ದು ನೋಡಿ ಜನ ಬಸ್ಸು ತುಂಬಿದೆ ಅಂತ ಹತ್ತದೇ ಹೋಗ್ತಾರೆ ಕಣೇ."

ಆದರೆ ಪ್ರತಿ ಪುರಾಣಕ್ಕೂ ಒಂದು ಶಾಪ ಇರಬೇಕಲ್ಲ, ಇದಕ್ಕೂ ಇತ್ತು. ಆಕೆ ಹುಡುಗಿಯಾಗಿದ್ದಾಗ ಸೇರಿದ ವಾರ್ಡಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಡಾಕ್ಟರದ್ದು. ಡಾಕ್ಟರ್ ಬರುವ ಹೊತ್ತಿಗೆ ನರ್ಸ್ ಆ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ, ಒಂದು ಗೇಣು ಹಿಂದಕ್ಕೆ ಎಳೆದಿಟ್ಟು, ಎಡಗಡೆಗೆ ನಿಲ್ಲಬೇಕು. ಡಾಕ್ಟರ್ ಇಲ್ಲದ ಹೊತ್ತಿನಲ್ಲಿ? ಆಗಲೂ ನಿಲ್ಲಬೇಕು. ಆಗಿನ ಹೆಡ್ ಸಿಸ್ಟರ್ ಬೀಸಿದ ಒಂದು ನೋಟಕ್ಕೆ ಹೆದರಿ ಆ ಕುರ್ಚಿಯ ಮೇಲೆ ಯಾರೂ ಕರವಸ್ತ್ರ ಕೂಡ ಇಡುತ್ತಿರಲಿಲ್ಲ. ಒಮ್ಮೆ ಆಸ್ಪತ್ರೆಯ ಬೆಕ್ಕು ಅದರಲ್ಲಿ ಸುರುಳಿ ಸುತ್ತಿ ಮಲಗಿತ್ತು. ಹೊಸದಾಗಿ ಸೇರಿದ್ದ ನರ್ಸ್ ಒಬ್ಬಳು ಗಾಬರಿಯಲ್ಲಿ ಬೆಕ್ಕಿಗೆ "ಗುಡ್ ಮಾರ್ನಿಂಗ್ ಸರ್" ಅಂದಳಂತೆ. ಆ ನರ್ಸ್ ಯಾರು ಎಂದು ಕೇಳಿದರೆ ನಿಂತಕ್ಕ ಮಾತು ಬದಲಾಯಿಸುತ್ತಾಳೆ.

ಆ ಕುರ್ಚಿಯ ಜೊತೆಗೆ ಒಂದು ಮಂತ್ರವೂ ಇತ್ತು. ರೋಗಿ ಏನೇ ಕೇಳಲಿ, ನರ್ಸಿಗೆ ಉತ್ತರ ಗೊತ್ತಿರಲಿ ಬಿಡಲಿ, ಹೇಳಬೇಕಾದದ್ದು ಇಷ್ಟು: "ಕೂತಿರಿ, ಡಾಕ್ಟರ್ ಬರ್ತಾರೆ." ಇಪ್ಪತ್ತು ಚಿಲ್ಲರೆ ವರ್ಷ ಅದನ್ನೇ ಹೇಳಿ ಹೇಳಿ ಆ ಮಾತು ಆಕೆಯ ನಾಲಿಗೆಯಲ್ಲಿ ಮನೆ ಮಾಡಿತ್ತು. ನಲ್ಲಿ ಸೋರುತ್ತಿದೆ ಎಂದು ಗಂಡ ಕೂಗಿದರೂ ಆಕೆ ಒಳಗಿಂದ, "ಇರಿ, ಡಾಕ್ಟರ್ ಬರ್ತಾರೆ" ಎನ್ನುತ್ತಿದ್ದಳು.

ಹೀಗಿರುವಾಗ ನಮ್ಮ ಬೀದಿಯ ಮುದಿ ಡಾಕ್ಟರು ಕಣ್ಣು ಮಂಜಾಯಿತೆಂದು ಕ್ಲಿನಿಕ್ ಮುಚ್ಚಿದರು. ಟೈಲರಮ್ಮನ ಅಂಗಡಿಗೆ ಅಂಟಿಕೊಂಡ ಒಂದು ಕೋಣೆ ಅದು. ಅವರು ಬಿಟ್ಟುಹೋದದ್ದು ಒಂದು ಮೇಜು ಮತ್ತು ತಿರುಗಿದರೆ ಕಿರ್ ಎನ್ನುವ ಒಂದು ಕುರ್ಚಿ. ಅಂದಿನಿಂದ ನಮ್ಮ ಬೀದಿಯಲ್ಲಿ ಯಾರಿಗೆ ಕಿವಿ ನೋವು ಬಂದರೂ ದೊಡ್ಡಾಸ್ಪತ್ರೆಯ ತನಕ ಹೋಗಿ, ಅಲ್ಲಿ ಕಾದು, ಕಾದು ಕಾದು ಕಿವಿ ನೋವಿನ ಜೊತೆಗೆ ಬೆನ್ನು ನೋವನ್ನೂ ತೆಗೆದುಕೊಂಡು ಬರುವ ಹಾಗಾಯಿತು.

ಸುದ್ದಿ ತಂದವನು ಡ್ರೈವರ್ ಗಂಡ. ಅನುಭವ ಇರುವ ನರ್ಸುಗಳು ಪದವಿ ಓದಿ ಪರೀಕ್ಷೆ ಪಾಸಾದರೆ ತಾವೇ ಸ್ವಂತವಾಗಿ ಕ್ಲಿನಿಕ್ ನಡೆಸಬಹುದು, ರೋಗಿಯನ್ನು ತಾವೇ ನೋಡಿ ಔಷಧಿ ಬರೆಯಬಹುದು, ತಮ್ಮಿಂದ ಆಗದ್ದನ್ನು ದೊಡ್ಡಾಸ್ಪತ್ರೆಗೆ ಕಳಿಸಬಹುದು ಎಂಬ ಹೊಸ ನಿಯಮವನ್ನು ಅವನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಯಾರದೋ ಬಾಯಲ್ಲಿ ಕೇಳಿಸಿಕೊಂಡು ಬಂದಿದ್ದ.

"ನೀನು ಓದು," ಅಂದ.

"ಈ ವಯಸ್ಸಲ್ಲಿ?"

"ಹಳೇ ಬಸ್ಸಿಗೂ ಹೊಸ ರೂಟ್ ಕೊಡ್ತಾರೆ ಕಣೇ."

"ನಾನೇನು ಬಸ್ಸಾ?"

"ಬಸ್ಸಲ್ಲಾದ್ರೂ ಸೀಟಿರತ್ತೆ."

ಅತ್ತೆ ಸೋಫಾದ ತಮ್ಮ ಪಾಲಿನಿಂದ ತೀರ್ಪು ಕೊಟ್ಟರು: "ಓದ್ಲಿ ಬಿಡೋ. ನನ್ನ ಮಂಡಿ ನೋಡಕ್ಕೆ ಮನೇಲೇ ಒಬ್ರು ಆದ ಹಾಗಾಯ್ತು. ಇಷ್ಟು ದಿನ ನೋಡ್ತಿದ್ಲು, ಆದ್ರೆ ನೋಡಿ ಏನೂ ಹೇಳ್ತಿರಲಿಲ್ಲ."

ನಿಂತಕ್ಕ ಸೀದಾ ಅಡುಗೆಮನೆಗೆ ಹೋದಳು. ಆದರೆ ಮರುದಿನ ಟೈಲರಮ್ಮನ ಖಾಲಿ ಕೋಣೆಯ ಕಿಟಕಿಗೆ ಮೂಗು ತಾಗಿಸಿ ಒಳಗೆ ನೋಡುತ್ತ ನಿಂತದ್ದನ್ನು ಬೀದಿಯೆಲ್ಲ ನೋಡಿತು. ತನ್ನದೇ ಒಂದು ಬಾಗಿಲು, ಅದನ್ನು ತಟ್ಟಿ ಒಳಗೆ ಬರುವ ಜನ. ಅಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಡದ ಆಸೆ ಅದು.

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಅಂದಳು: "ಮೊಬೈಲ್ ರಿಪೇರಿಯೋನು ಕೇಳಿದ್ದಾನೆ. ನೀವು ಪಾಸಾಗೋವರ್ಗೂ ಇರ್ಲಿ ಅಂದಿದ್ದೀನಿ. ಫೇಲಾದ್ರೆ ಮಾತ್ರ ನನ್ನ ಬೈಕೋಬೇಡಿ ಸಿಸ್ಟರ್."

ಹೀಗೆ ಪದವಿ ಶುರುವಾಯಿತು. ರಜೆಯ ದಿನ ಪಾಠ, ಡ್ಯೂಟಿಯ ದಿನ ಓದು. ತರಗತಿಯಲ್ಲಿ ಆಕೆ ಹಿಂದಿನ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತು ಬರೆದುಕೊಳ್ಳುತ್ತಿದ್ದಳು. ಪಾಠ ಹೇಳುತ್ತಿದ್ದ ಮೇಡಂ, ಅವರೂ ಒಂದು ಕಾಲದ ನರ್ಸೇ, ಮೊದಲ ದಿನ ಆಕೆಯನ್ನು ತರಗತಿ ತಪಾಸಣೆಗೆ ಬಂದ ಅಧಿಕಾರಿ ಎಂದು ತಿಳಿದು ಇಡೀ ಪಾಠವನ್ನು ಬಹಳ ಎಚ್ಚರಿಕೆಯಿಂದ ಮಾಡಿದರಂತೆ.

ಓದಿನಲ್ಲಿ ನಿಂತಕ್ಕ ಹಿಂದೆ ಬೀಳಲಿಲ್ಲ. ಇಷ್ಟು ವರ್ಷ ಕೈಯಾರೆ ಕೊಟ್ಟ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಎಂದು ಈಗ ತಿಳಿದು, ಮೊದಲ ಸಲ ಊರಿಗೆ ನಕ್ಷೆ ಸಿಕ್ಕವಳ ಹಾಗೆ ಹಿಗ್ಗಿದಳು. ಸ್ಟೆತಸ್ಕೋಪ್ ಹಿಡಿದು ಎದೆಯ ಸದ್ದು ಕೇಳಲು ಕಲಿತಾಗ ಮನೆಯಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ. ಗಂಡನ ಎದೆ, ಅತ್ತೆಯ ಬೆನ್ನು ಮುಗಿದ ಮೇಲೆ ಫ್ರಿಡ್ಜನ್ನೂ ಕೇಳಿ, "ಇದರದ್ದು ಸರಿಯಿಲ್ಲ" ಅಂದಳು. ಮರುವಾರ ಫ್ರಿಡ್ಜ್ ಕೆಟ್ಟೇಹೋಯಿತು. ಬೀದಿಯಲ್ಲಿ ಆಕೆಯ ಕೀರ್ತಿ ಹಬ್ಬಿದ್ದು ಅಲ್ಲಿಂದ.

ಸಂಶೋಧನೆಯ ಲೇಖನ ಓದಿ ಪ್ರಶ್ನೆ ಕೇಳುವುದನ್ನು ಕಲಿಸಿದ ಮೇಲಂತೂ ಆಕೆಯ ಎದುರು ಯಾರೂ ಜಾಹೀರಾತು ನಂಬುವ ಹಾಗಿರಲಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಮೆಚ್ಚಿದ ಟೂತ್‌ಪೇಸ್ಟ್ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಅತ್ತೆ ಓದಿ ಹೇಳಿದರೆ, "ಯಾವ ಹತ್ತು ಮಂದಿ ಅತ್ತೆ? ಯಾರು ಆರಿಸಿದ್ದು? ಆ ಹತ್ತನೆಯವರು ಏನಂದ್ರು?" ಎಂದು ಕೇಳುತ್ತಿದ್ದಳು. ಅತ್ತೆ ಆ ಹತ್ತನೆಯವರ ಬಗ್ಗೆ ಯೋಚಿಸುತ್ತ ಹಲ್ಲುಜ್ಜುವುದನ್ನೇ ಮರೆತ ದಿನಗಳಿವೆ.

ತೊಡಕು ಬಂದದ್ದು ಒಂದೇ ಕಡೆ. ರೋಗಿಯ ವಿವರ ಕೊಟ್ಟು, ಏನು ಕಾಯಿಲೆ, ಏನು ಮಾಡುತ್ತೀರಿ ಎಂದು ಬರೆಯಲು ಹೇಳಿದರೆ ನಿಂತಕ್ಕ ಬರೆಯುವುದು: ರೋಗಿ ಶಾಂತವಾಗಿದ್ದಾರೆ. ನೀರು ಕುಡಿದಿದ್ದಾರೆ. ಜ್ವರ ಇಳಿದಿದೆ.

ಮೇಡಂ ಕರೆದು ಕೇಳಿದರು: "ಎಲ್ಲ ಸರಿ. ನಿಮ್ಮ ಅಭಿಪ್ರಾಯ ಎಲ್ಲಿ?"

"ನಂದಾ?"

"ನಿಮ್ಮದೇ. ಇವರಿಗೆ ಏನಾಗಿದೆ?"

"ನ್ಯುಮೋನಿಯಾ ಇರಬಹುದು ಅನ್ಸತ್ತೆ ಮೇಡಂ."

"ಮತ್ತೆ ಯಾಕೆ ಬರೀಲಿಲ್ಲ?"

"ಅದು ಡಾಕ್ಟರ್ ಬರೀತಾರಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಸಿಸ್ಟರ್, ಇಷ್ಟು ವರ್ಷ ನೋಡಿದ್ದು ನೀವೇ. ಹೇಳಿದ್ದು ಬೇರೆಯೋರು. ಈಗ ನೋಡಿದೋರೇ ಹೇಳ್ಬೇಕು, ಹೇಳಿದ್ದಕ್ಕೆ ತಾವೇ ಹೊಣೆ ಆಗ್ಬೇಕು. ಈ ಪದವಿ ಅಂದ್ರೆ ಅಷ್ಟೇ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ ಆಸ್ಪತ್ರೆಗೆ ಕಳಿಸಿ, ಅದೂ ನಿರ್ಧಾರವೇ. ಆದ್ರೆ ಯಾರೋ ಬರ್ತಾರೆ ಅಂತ ಕಾಯೋ ಹಾಗಿಲ್ಲ."

ನಿಂತಕ್ಕ ತಲೆಯಾಡಿಸಿದಳು. ಅದಾದ ಮೇಲೆ ಬರೆಯುವುದು ಸರಿಹೋಯಿತು. ಬರವಣಿಗೆಯ ಪರೀಕ್ಷೆಗಳನ್ನೆಲ್ಲ ಆಕೆ ಚೆನ್ನಾಗಿಯೇ ಪಾಸಾದಳು. ಉಳಿದದ್ದು ಕೊನೆಯ ಪ್ರಾಯೋಗಿಕ ಪರೀಕ್ಷೆ. ಡ್ರೈವರ್ ಗಂಡ ಖುಷಿಯಲ್ಲಿ ಟೈಲರಮ್ಮನ ಕೋಣೆಗೆ ಬಣ್ಣ ಬಳಿದ. ಬಾಗಿಲಿಗೆ ಬಸ್ಸಿನ ಹಳದಿ, ಒಳಗೆ ಬಿಳಿ. ನಿಂತಕ್ಕ ದಿನಾ ಸಂಜೆ ಅಲ್ಲಿಗೆ ಹೋಗಿ ಮುದಿ ಡಾಕ್ಟರ ಕುರ್ಚಿಯನ್ನು ಒರೆಸಿ, ಒಂದು ಗೇಣು ಹಿಂದಕ್ಕೆ ಎಳೆದಿಟ್ಟು ಬರುತ್ತಿದ್ದಳು. ಅದರಲ್ಲಿ ಅಡಗಿದ್ದ ಅಪಾಯ ಯಾರಿಗೂ ಹೊಳೆಯಲಿಲ್ಲ.

ಆ ಪರೀಕ್ಷೆಯ ಕ್ರಮ ಹೀಗೆ. ಒಂದು ಕೋಣೆ, ಮೇಜು, ಕುರ್ಚಿ. ಎದುರಿಗೆ ರೋಗಿಯ ವೇಷ ಹಾಕಿದ ಒಬ್ಬರು. ಗಾಜಿನ ಆಚೆ ಪರೀಕ್ಷೆ ಮಾಡುವವರು, ಅವರಲ್ಲಿ ಮೇಡಂ ಕೂಡ. ಗಂಟೆ ಹೊಡೆಯುವುದರೊಳಗೆ ವಿಚಾರಿಸಿ, ಪರೀಕ್ಷಿಸಿ, ಏನಾಗಿದೆ, ಏನು ಮಾಡಬೇಕು ಎಂದು ಹೇಳಬೇಕು. ರೋಗಿಯ ವೇಷಕ್ಕೆ ಅವರು ಗೊತ್ತುಮಾಡಿದ್ದು ನಾಟಕದಜ್ಜ ಎಂದೇ ಹೆಸರಾದ, ರಂಗದಿಂದ ನಿವೃತ್ತನಾದ, ಆದರೆ ನಿವೃತ್ತಿಯನ್ನು ಒಪ್ಪದ ಒಬ್ಬ ನಟನನ್ನು. ಕಿವಿ ನೋವು ಎಂದು ನಟಿಸಲು ಹೇಳಿದರೆ ಆತ ಕಿವಿ, ಕೆನ್ನೆ, ಭುಜ, ವಂಶ ಎಲ್ಲವೂ ನೋಯುವ ಹಾಗೆ ನಟಿಸುತ್ತಿದ್ದ.

ಮುಂದೆ ನಡೆದದ್ದನ್ನು ನಮಗೆ ತಿಳಿಸಿದವನು ಆತನೇ. ನಿಂತಕ್ಕ ಬಂದಳು, ಕೈ ತೊಳೆದಳು, ಮೆತ್ತಗೆ ಮಾತಾಡಿಸಿದಳು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಳು, ಕುತ್ತಿಗೆ ಮುಟ್ಟಿದಳು, ಕೇಳಬೇಕಾದ ಪ್ರಶ್ನೆ ಒಂದನ್ನೂ ಬಿಡಲಿಲ್ಲ. ಗಾಜಿನ ಆಚೆ ಮೇಡಂ ಹೆಮ್ಮೆಯಿಂದ ನೆಟ್ಟಗಾದರು. ಆಮೇಲೆ ನಿಂತಕ್ಕ ಮೇಜಿನ ಆಚೆ ಹೋಗಿ, ಖಾಲಿ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ, ಒಂದು ಗೇಣು ಹಿಂದಕ್ಕೆ ಎಳೆದಿಟ್ಟು, "ಕೂತಿರಿ, ಡಾಕ್ಟರ್ ಬರ್ತಾರೆ" ಎಂದು ಹೇಳಿ, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೊರಗೆ ಹೋದಳು.

ಹೊರಗೆ ಗೋಡೆಗೆ ಒರಗಿ ನಿಂತವಳನ್ನು ಜವಾನ ಕೇಳಿದ: "ಯಾಕಮ್ಮ, ಮುಗೀತಾ?"

"ಇಲ್ಲಪ್ಪ, ಡಾಕ್ಟರ್ ಬರ್ಬೇಕು."

"ಯಾವ ಡಾಕ್ಟರು? ಇಲ್ಲಿ ಇರೋದೆಲ್ಲಾ ಸಿಸ್ಟರ್‌ಗಳೇ."

ಆಕೆ ಅವನ ಮುಖ ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಳಗೆ ನಾಟಕದಜ್ಜ, ನಿಯತ್ತಿನ ಮನುಷ್ಯ, ಕಿವಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ಡಾಕ್ಟರಿಗಾಗಿ ಕಾಯುತ್ತಲೇ ಇದ್ದ. "ನನ್ನ ಜೀವಮಾನದಲ್ಲಿ ಇಷ್ಟು ನಂಬಿಕೆಯಿಂದ ಯಾವ ಪಾತ್ರಾನೂ ಮಾಡಿಲ್ಲ," ಎಂದು ಇವತ್ತಿಗೂ ಹೇಳುತ್ತಾನೆ.

ಮನೆಯಲ್ಲಿ ನಿಂತಕ್ಕ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆಮೇಲೆ ಅತ್ತೆಯ ಹೊಟ್ಟೆ ಅಲುಗಿತು. ಬಾಯಿಗೆ ಸೆರಗು ಒತ್ತಿಕೊಂಡರು. "ಕುರ್ಚಿ ಒರೆಸಿ ಬಂದ್ಯಾ?" ಅಂದರು.

"ಒರೆಸಿ ಬಂದೆ ಅತ್ತೆ."

ಅತ್ತೆ ನಕ್ಕರು. ಡ್ರೈವರ್ ನಕ್ಕ. ಕೊನೆಗೆ ನಿಂತಕ್ಕನೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆ ನೀರಿನಲ್ಲಿ ನಗು ಎಷ್ಟು, ಮತ್ತೊಂದು ಎಷ್ಟು ಎಂದು ಗಂಡನಿಗೆ ಮಾತ್ರ ಗೊತ್ತಾಯಿತು. ಅಡುಗೆಮನೆಯಲ್ಲಿ ಪಾತ್ರೆ ಒರೆಸಿಕೊಡುವ ನೆಪದಲ್ಲಿ ಪಕ್ಕಕ್ಕೆ ಬಂದು ನಿಂತ.

"ಕಿವಿ ನೋಡ್ದಾಗ್ಲೇ ನಂಗೆ ಗೊತ್ತಾಗಿತ್ತು ರೀ," ಅಂದಳು. "ಏನು ಕೊಡ್ಬೇಕು ಅಂತಾನೂ ಗೊತ್ತಿತ್ತು. ಬಾಯಿಗೆ ಬಂದಿದ್ದು ಮಾತ್ರ ಅದು."

"ಇನ್ನೊಂದು ಸಲ ಬಿಡ್ತಾರಲ್ಲ?"

"ಒಂದೇ ಸಲ. ಆಗ್ಲಿಲ್ಲ ಅಂದ್ರೆ ಮುಗೀತು. ಆ ಕೋಣೇನೂ ಹೋಯ್ತು."

ಕೋಣೆಯ ವಿಷಯ ಸುಳ್ಳಲ್ಲ. ಮೊಬೈಲ್ ರಿಪೇರಿಯವನು ದಿನಾ ಬಂದು ಹಳದಿ ಬಾಗಿಲ ಮುಂದೆ ನಿಂತು, ತನ್ನ ಬೋರ್ಡು ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ತಲೆ ಓರೆ ಮಾಡಿ ನೋಡುತ್ತಿದ್ದ. ಟೈಲರಮ್ಮ ಅವನನ್ನು ಕತ್ತರಿ ತೋರಿಸಿ ಓಡಿಸುತ್ತಿದ್ದಳು, ಆದರೆ ಎಷ್ಟು ದಿನ?

ಆಗ ಅತ್ತೆ ಯುದ್ಧದ ನಾಯಕತ್ವ ವಹಿಸಿಕೊಂಡರು. ಸೊಸೆಗೆ ವಿದ್ಯೆ ಇದೆ, ಇಲ್ಲದ್ದು ಕೂರುವುದು. ಆ ಕುರ್ಚಿಯಲ್ಲಿ ಕೂತವಳಿಗೆ 'ಡಾಕ್ಟರ್ ಬರ್ತಾರೆ' ಎನ್ನಲು ಬಾಯಿ ಬರುವುದಿಲ್ಲ ಎಂಬುದು ಅವರ ಶೋಧ. ಅದನ್ನು ಯಾವ ಸಂಶೋಧನೆಯ ಲೇಖನವೂ ಹೇಳಿರಲಿಲ್ಲ, ಆದರೆ ತಪ್ಪೆನ್ನುವಂತೆಯೂ ಇರಲಿಲ್ಲ. ಊಟದ ಮೇಜಿನ ಈಚೆ ತಾವು ರೋಗಿಯಾಗಿ ಕೂತು, ಆಚೆ ಒಂದು ಕುರ್ಚಿ ಹಾಕಿಸಿದರು.

"ಅಯ್ಯೋ, ಹೊಟ್ಟೆ ನೋವು."

"ಯಾವಾಗಿಂದ ಅತ್ತೆ?"

"ನೀನು ಈ ಮನೆಗೆ ಕಾಲಿಟ್ಟಾಗಿಂದ."

"ಅತ್ತೆ, ಸರಿಯಾಗಿ ಹೇಳಿ."

"ಮೊದ್ಲು ನೀನು ಸರಿಯಾಗಿ ಕೂತ್ಕೋ. ನಿಂತೋರಿಗೆ ನಾನು ರೋಗ ಹೇಳಲ್ಲ."

ನಿಂತಕ್ಕ ಕುರ್ಚಿಯ ಅಂಚಿಗೆ, ಬಿಸಿ ಹೆಂಚಿಗೆ ತಗಲಿಸುವ ಹಾಗೆ, ಸ್ವಲ್ಪವೇ ತಗಲಿಸುತ್ತಿದ್ದಳು. ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರೆ ಸಾಕು, ಸ್ಪ್ರಿಂಗ್ ಹಾಕಿದ ಹಾಗೆ ಎದ್ದು ನಿಲ್ಲುತ್ತಿದ್ದಳು. ಇದನ್ನು ನೋಡಿ ನೋಡಿ ಡ್ರೈವರ್ ತನ್ನ ವೃತ್ತಿಯ ವಿದ್ಯೆ ಪ್ರಯೋಗಿಸಿದ. ಟವೆಲನ್ನು ಸೀಟ್ ಬೆಲ್ಟಿನ ಹಾಗೆ ಸೊಂಟದ ಸುತ್ತ ತಂದು ಕುರ್ಚಿಯ ಬೆನ್ನಿಗೆ ಬಿಗಿಯಾಗಿ ಕಟ್ಟಿದ. "ಇನ್ನು ಎದ್ದೇಳು ನೋಡೋಣ," ಅಂದ. ಅದೇ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿತು. ನಿಂತಕ್ಕ ಎದ್ದಳು, ಕುರ್ಚಿಯೂ ಎದ್ದಿತು. ಬೆನ್ನ ಮೇಲೆ ಕುರ್ಚಿ ಹೊತ್ತು ಆಮೆಯ ಹಾಗೆ ಅಡುಗೆಮನೆಗೆ ನುಗ್ಗಿದವಳು ದಾರಿಯಲ್ಲಿ ಕ್ಯಾಲೆಂಡರ್, ಹೂಜಿ, ಗಂಡನ ಕನ್ನಡಕ ಎಲ್ಲವನ್ನೂ ಕೆಡವಿ, ಹಾಲನ್ನು ಮಾತ್ರ ಉಳಿಸಿದಳು. ಬ್ಲೌಸು ಕೊಡಲು ಬಂದಿದ್ದ ಟೈಲರಮ್ಮ ಬಾಗಿಲಲ್ಲೇ ನಿಂತು ಕಣ್ಣಾರೆ ಕಂಡು, ಸಂಜೆಯೊಳಗೆ ಬೀದಿಗೆಲ್ಲ ತಿಳಿಸಿದಳು.

ಪರೀಕ್ಷೆಯ ಹಿಂದಿನ ದಿನ ಡ್ರೈವರ್ ಗಂಡನಿಗೆ ಇನ್ನೊಂದು ಹೊಳೆಯಿತು. ಆಕೆಯ ಹಳೇ ಚಪ್ಪಲಿಯನ್ನು ಎತ್ತಿ ಹಿಡಿದು, "ಇದಕ್ಕೆ ನಿಲ್ಲೋದು ಬಿಟ್ಟು ಬೇರೇನೂ ಗೊತ್ತಿಲ್ಲ" ಎಂದು ತೀರ್ಮಾನಿಸಿ ಅಟ್ಟಕ್ಕೆ ಎಸೆದ. ಮುಖ ಕಾಣುವಷ್ಟು ಹೊಳೆಯುವ ಕಪ್ಪು ಶೂ ತಂದು ಆಕೆಯ ಮುಂದಿಟ್ಟ. ಕ್ಲಿನಿಕ್ ನಡೆಸುವವರಿಗೆ ಅಂಥದ್ದೇ ಬೇಕು ಎಂದು ಅಂಗಡಿಯವನು ಹೇಳಿದನಂತೆ.

"ಅಳತೆ ಯಾರು ಕೊಟ್ರು ರೀ?"

"ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿನ್ನ ಕಾಲಿನ ಅಳತೆ ಗೊತ್ತಿಲ್ವಾ?"

ಪ್ರೀತಿಯಿಂದ ತಂದದ್ದು. ಆಕೆ ಮರುಮಾತಾಡದೆ ಹಾಕಿಕೊಂಡಳು.

ಮರುದಿನ ಅದೇ ಕೋಣೆ, ಅದೇ ಮೇಜು, ಅದೇ ನಾಟಕದಜ್ಜ. ಈ ಸಲ ಅವನ ಪಾತ್ರ ಹೆಚ್ಚು ಕಠಿಣ. ಏದುಸಿರು ಬರುತ್ತಿದೆ, ಎದೆಯಲ್ಲಿ ಹಿಡಿದ ಹಾಗಿದೆ, ಕೆಮ್ಮಿನ ಔಷಧಿ ಕೊಡಿ ಎಂದು ಗೋಗರೆಯಬೇಕು. ಅವನ ಒಂದು ಕಾಲಿನ ಮೀನಖಂಡಕ್ಕೆ ಹತ್ತಿ ಸುತ್ತಿ, ಪ್ಯಾಂಟು ಮುಚ್ಚಿ, ಕಾಲು ಊದಿದ ಹಾಗೆ ಮಾಡಿದ್ದರು. ಆದರೆ ಕೇಳದ ಹೊರತು ಕಾಲಿನ ಸುದ್ದಿ ಎತ್ತಕೂಡದು. ಜೊತೆಗೆ, ಕೊನೆಯಲ್ಲಿ ಒಂದು ಮಾತು ಹೇಳಲೇಬೇಕು ಎಂದು ಅಪ್ಪಣೆಯಾಗಿತ್ತು. ಅದೇನೆಂದು ಆಮೇಲೆ ಹೇಳುತ್ತೇನೆ.

ಇಲ್ಲಿಂದ ಮುಂದೆ ಅಜ್ಜನ ಮಾತು ಪೂರ್ತಿ ರಂಗದ ಭಾಷೆ. ಬಾಗಿಲು ತೆರೆಯಿತು. ನಿಂತಕ್ಕ ಒಳಗೆ ಬಂದಳು. ಹಿಂದಿನ ಸಲ ಬಿರಬಿರನೆ ಬಂದವಳು ಈ ಸಲ ಒಂದೊಂದು ಹೆಜ್ಜೆಯನ್ನೂ ಅಳೆದು ತೂಗಿ ಇಡುತ್ತ, ಪಟ್ಟದ ಆನೆಯ ಹಾಗೆ, ಮುಖದಲ್ಲಿ ಒಂದು ಗಾಂಭೀರ್ಯ ತಂದುಕೊಂಡು ಬಂದಳು. ತುಟಿ ಬಿಗಿದಿತ್ತು. "ಅಂಥ ಪ್ರವೇಶಕ್ಕೆ ನಾವು ತಿಂಗಳುಗಟ್ಟಲೆ ಅಭ್ಯಾಸ ಮಾಡ್ತಿದ್ವಿ," ಅನ್ನುತ್ತಾನೆ ಅಜ್ಜ.

ಕೈ ತೊಳೆದಳು. ವಿಚಾರಿಸಿದಳು. ನಾಡಿ ನೋಡಿದಳು, ಎದೆ ಬೆನ್ನು ಕೇಳಿದಳು. ಆಮೇಲೆ ಮೇಜಿನ ಆಚೆಗೆ ಹೋದಳು. ಕೈಯಲ್ಲಿ ಬಟ್ಟೆ ಬಂತು. ಕುರ್ಚಿಯನ್ನು ಒರೆಸಿದಳು. ಗಾಜಿನ ಆಚೆ ಮೇಡಂ ಕಣ್ಣು ಮುಚ್ಚಿಕೊಂಡರು. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದಳು.

ಕೂತಳು.

ಕುರ್ಚಿ ಕಿರ್ ಅಂತು. ಆ ಸದ್ದು ಗಾಜನ್ನೂ ದಾಟಿ ಬಂದು, ಮೇಡಂ ಕಣ್ಣು ಬಿಟ್ಟರು. ನಿಂತಕ್ಕ ಕುರ್ಚಿಯ ತುಂಬ ಕೂತಿದ್ದಾಳೆ, ಅಂಚಿಗಲ್ಲ. ಕಣ್ಣು ಮುಚ್ಚಿದೆ. ತಪಸ್ಸು ಮುಗಿಸಿದವರ ಹಾಗೆ ಒಂದು ದೀರ್ಘವಾದ ಉಸಿರು ಹೊರಗೆ ಬಂತು. ಮರುಕ್ಷಣ ಆಕೆ ಮೇಜಿನ ಕೆಳಗೆ ಪೂರ್ತಿ ಬಗ್ಗಿದಳು. ಕೆಲಸಕ್ಕೆ ಮುಂಚೆ ನೆಲ ಮುಟ್ಟಿ ನಮಸ್ಕಾರ ಮಾಡಿದಳು ಎಂಬುದು ಅಜ್ಜನ ವ್ಯಾಖ್ಯಾನ. ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಕೆಳಗಿನಿಂದಲೇ ದನಿ ಬಂತು:

"ಈ ಕಾಲು ಯಾವಾಗಿಂದ ಊದಿದೆ ಅಜ್ಜ?"

"ಎರಡು ದಿನ ಆಯ್ತಮ್ಮ."

"ನೋವಿದೆಯಾ?"

"ಹಿಂದುಗಡೆ ಬಿಗಿದ ಹಾಗಿದೆ."

"ದೂರದ ಪ್ರಯಾಣ ಏನಾದ್ರೂ ಮಾಡಿದ್ರಾ?"

"ರೈಲಲ್ಲಿ ಒಂದು ಹಗಲು ಒಂದು ರಾತ್ರಿ ಕೂತೇ ಬಂದೆ."

ನಿಂತಕ್ಕ ಮೇಲೆದ್ದು ನೆಟ್ಟಗೆ ಕೂತಳು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ಚೂರು ಎದೆಗೆ ಹೋಗಿರಬಹುದು ಎಂಬ ಅನುಮಾನ ಬರಬೇಕಾದ ಜಾಗ ಅದು. ಬಂದಿತ್ತು. ಈಗ ಅದನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಬಾಯಿ ತೆರೆಯಿತು.

"ಕೂತಿರಿ," ಅಂದಳು.

ಗಾಜಿನ ಆಚೆ ಮೇಡಂ ಪಕ್ಕದವರ ಕೈ ಹಿಡಿದುಕೊಂಡರು.

"ಕೂತಿರಿ, ಏಳ್ಬೇಡಿ. ಆ ಕಾಲು ಉಜ್ಜಬೇಡಿ. ಕೆಮ್ಮಿನ ಔಷಧಿಯಿಂದ ಇದು ಹೋಗಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂತ ನಂಗೆ ಅನುಮಾನ. ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಆಂಬುಲೆನ್ಸ್ ನಾನೇ ಕರೀತೀನಿ."

ಆಗ ಅಜ್ಜ, ಅಪ್ಪಣೆಯಾಗಿದ್ದ ಆ ಕೊನೆಯ ಮಾತನ್ನು ಹೇಳಿದ. ಹೇಳಲು ಮನಸ್ಸೇ ಇರಲಿಲ್ಲವಂತೆ. ಆದರೆ ನಟನಿಗೆ ಮಾತು ತಪ್ಪಿಸುವ ಹಕ್ಕಿಲ್ಲ.

"ಡಾಕ್ಟರ್ ಬರಲ್ವಾ ಅಮ್ಮ?"

"ಡಾಕ್ಟರ್ ಆಸ್ಪತ್ರೇಲಿ ಇರ್ತಾರೆ," ಅಂದಳು ನಿಂತಕ್ಕ. "ಇಲ್ಲಿ ನಾನಿದ್ದೀನಿ."

ಅಜ್ಜನಿಗೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಏಳಬೇಡಿ ಎಂದು ಹೇಳಿದ್ದರಿಂದ ಏಳಲಿಲ್ಲ.

ಹಳದಿ ಬಾಗಿಲು ತೆರೆದ ದಿನ ಬೀದಿಯಲ್ಲಿ ಕಾಯಿಲೆ ಇದ್ದವರೆಲ್ಲ ಬಂದರು, ಇಲ್ಲದವರು ಇದ್ದರೂ ಇರಬಹುದೆಂದು ಬಂದರು. ಮೊದಲ ರೋಗಿ ಅತ್ತೆ. ಮನೆಯಿಂದ ಮಂಡಿ ಹಿಡಿದುಕೊಂಡು ಬಂದು ಸಾಲಿನಲ್ಲಿ ಕೂತು, ತಮ್ಮ ಸರದಿ ಬಂದಾಗ ಬಾಗಿಲು ತಟ್ಟಿ ಒಳಗೆ ಹೋದರು. ಮನೆಯಲ್ಲೇ ನೋಡಬಹುದಿತ್ತಲ್ಲ ಎಂದು ಯಾರೋ ಅಂದದ್ದಕ್ಕೆ, "ಮನೇಲಿ ಅವಳು ಸೊಸೆ" ಎಂದು ಹೇಳಿ ಬಾಯಿ ಮುಚ್ಚಿಸಿದರು. ಮೊಬೈಲ್ ರಿಪೇರಿಯವನು ಕೂಡ ಬಂದ. ದಿನಾ ತಲೆ ಓರೆ ಮಾಡಿ ಬಾಗಿಲು ನೋಡಿ ನೋಡಿ ಅವನ ಕುತ್ತಿಗೆ ಹಿಡಿದುಕೊಂಡಿತ್ತು.

ಆಕೆ ಈಗಲೂ ಊಟ ನಿಂತೇ ಮಾಡುತ್ತಾಳೆ, ಬಸ್ಸಿನಲ್ಲಿ ಕಂಬಿ ಹಿಡಿದೇ ಹೋಗುತ್ತಾಳೆ. ಕೂರುವುದು ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಾತ್ರ. ಮೇಜಿನ ಕೆಳಗೆ, ಅಟ್ಟದಿಂದ ಇಳಿದು ಬಂದ ಹಳೇ ಚಪ್ಪಲಿ. ಹೊಳೆಯುವ ಕಪ್ಪು ಶೂ ಮನೆಯ ಕಪಾಟಿನಲ್ಲಿ ಗಾಜಿನ ಹಿಂದೆ ಇದೆ. ಐತಿಹಾಸಿಕ ವಸ್ತು ಎಂದು ಡ್ರೈವರ್ ಬಂದವರಿಗೆಲ್ಲ ತೋರಿಸುತ್ತಾನೆ.

ಏಕೆಂದರೆ ನಿಂತಕ್ಕನನ್ನು ಕೂರಿಸಿದ ಕೀರ್ತಿಗೆ ನಮ್ಮಲ್ಲಿ ಈಗ ದೊಡ್ಡ ಪೈಪೋಟಿ. ತಾವು ಕೊಟ್ಟ ತರಬೇತಿಯಿಂದ ಎಂದು ಅತ್ತೆ. ಸೀಟ್ ಬೆಲ್ಟಿನಿಂದ ಎಂದು ಡ್ರೈವರ್. ನೋಡಿದವರೇ ಹೇಳಬೇಕು ಎಂದು ತಾವಂದ ಮಾತು ಒಳಗೆ ಇಳಿದು, ಆ ಕ್ಷಣದಲ್ಲಿ ಒಬ್ಬ ನರ್ಸ್ ತನ್ನ ಹೊಣೆಯನ್ನು ತಾನೇ ಹೊತ್ತುಕೊಂಡ ಗಳಿಗೆ ಅದು ಎಂದು ಮೇಡಂ. ಅವರು ಹೊಸ ತರಗತಿಗಳಲ್ಲಿ ಇದನ್ನು ಪಾಠವಾಗಿಯೇ ಹೇಳುತ್ತಾರಂತೆ, ಆ ದೀರ್ಘವಾದ ಉಸಿರಿನ ಜಾಗ ಬಂದಾಗ ಎಷ್ಟೋ ಜನ ಕಣ್ಣೊರೆಸಿಕೊಳ್ಳುತ್ತಾರಂತೆ. ತನ್ನ ಅಭಿನಯ ನೋಡಿ ಕಾಲಲ್ಲಿ ಬಲವಿಲ್ಲದೆ ಕೂತಳು ಎಂದು ನಾಟಕದಜ್ಜ.

ಮೊನ್ನೆ ಅಜ್ಜನೂ ಅತ್ತೆಯೂ ಟೈಲರಮ್ಮನೂ ಕ್ಲಿನಿಕ್ಕಿನ ಬಾಗಿಲಲ್ಲೇ ಈ ವಿಷಯಕ್ಕೆ ಜಗಳಕ್ಕೆ ನಿಂತಾಗ, ಒಳಗೆ ಬಿ.ಪಿ. ನೋಡಿಸಿಕೊಳ್ಳಲು ಕೂತಿದ್ದವನು ನಾನು. ಪೈಪೋಟಿ ತೀರಿಸುವ ಹೊಣೆ ನನ್ನ ಮೇಲೆ ಬಿತ್ತು. ಮಾತಿಗೆ ತಕ್ಕ ಗಾಂಭೀರ್ಯ ತಂದುಕೊಂಡು ಕೇಳಿದೆ: "ಸಿಸ್ಟರ್, ಇಷ್ಟು ವರ್ಷ ನಿಂತವರು ನೀವು. ಆ ದಿನ ಆ ಕುರ್ಚಿಯ ಮುಂದೆ ನಿಂತಾಗ, ಕೂರುವ ಮುಂಚೆ, ಆ ಒಂದು ಕ್ಷಣ, ನಿಮ್ಮ ಮನಸ್ಸಲ್ಲಿ ಏನಾಯ್ತು?"

ಹೊರಗೆ ಜಗಳ ನಿಂತಿತು. ಮೂವರೂ ಕಿವಿ ನಿಮಿರಿಸಿ ಬಾಗಿಲೊಳಗೆ ತಲೆ ಹಾಕಿದರು. ನಿಂತಕ್ಕ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತುತ್ತ, ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ ಅಂದಳು:

"ಹೊಸ ಶೂ ಕಚ್ತಿತ್ತು, ಕೂತೆ. ಮಾತಾಡ್ಬೇಡಿ, ಬಿ.ಪಿ. ಏರತ್ತೆ."